ಚರ್ಮವ್ಯಾಧಿಗಳ ರೂಪಪರಿಜ್ಞಾನ: ಒಂದು ಚಾರಿತ್ರಿಕ ವಿವೇಚನೆ

ಮಿಕ್ಕ ವ್ಯಾಧಿಗಳಲ್ಲಿ ವೈದ್ಯನು ಶರೀರದೊಳಗೆ ನಡೆಯುವುದನ್ನು ಹೊರಗಣ ಲಕ್ಷಣಗಳಿಂದ ಊಹಿಸಬೇಕು. ಚರ್ಮವ್ಯಾಧಿಯಲ್ಲಾದರೋ ವ್ಯಾಧಿಯೇ ಕಣ್ಣೆದುರಿಗಿರುವುದು. ಆದರೂ ಕಾಣುವುದು ಬೇರೆ, ಕಂಡುದನ್ನು ಇಂತಹದೆಂದು ಅರಿಯುವುದು ಬೇರೆ. ಈ ಅರಿವನ್ನು ಗುರುಗಳು ಶಿಷ್ಯರಿಗೆ ಕಲಿಸಿದ ಬಗೆಯು ಕಾಲಕಾಲಕ್ಕೆ ಹೇಗೆ ಮಾರ್ಪಟ್ಟಿತೆಂಬುದನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಿದೆ.

ಚರಕಸಂಹಿತೆಯು ಕುಷ್ಠಗಳನ್ನು 18 ಎಂದು ಎಣಿಸಿ, ಅವುಗಳಲ್ಲಿ 7ನ್ನು ಮಹಾಕುಷ್ಠಗಳೆನ್ನುತ್ತದೆ. ಇಲ್ಲಿ ಕುಷ್ಠಶಬ್ದವು ಇಂದಿನ ಕುಷ್ಠರೋಗವೊಂದನ್ನೇ ಹೇಳದೆ ನಾನಾ ಚರ್ಮವ್ಯಾಧಿಗಳನ್ನು ಒಳಗೊಳ್ಳುವುದೆಂಬುದನ್ನು ಪ್ರಾಚೀನ ಗ್ರಂಥಗಳಿಗೆ ಅರ್ಥ ಹೇಳುವವರು ಮರೆಯಲಾಗದು. ಮಹಾಕುಷ್ಠಗಳ ಹೆಸರುಗಳಲ್ಲಿ ಬಹುಪಾಲು ಉಪಮೆಗಳೇ ಆಗಿವೆ. ಕಪಾಲವು ಕಪ್ಪುಗೆಂಪಾದ ಮಡಕೆಯ ಚೂರಿನಂತೆ, ಔದುಂಬರವು ಅತ್ತಿಯ ಹಣ್ಣಿನಂತೆ, ಋಷ್ಯಜಿಹ್ವವು ಋಷ್ಯಮೃಗದ ನಾಲಗೆಯಂತೆ, ಪುಂಡರೀಕವು ತಾವರೆಯ ಎಸಳಿನಂತೆ, ಕಾಕಣಕವು ಗುಲಗಂಜಿಯಂತೆ ಕಾಣುವುದಂತೆ. ಸಿಧ್ಮಕ್ಕೆ ಸೋರೆಯ ಹೂವು ಉಪಮಾನ. ಕಾವ್ಯದಲ್ಲಿ ಉಪಮೆಯು ರಂಜಿಸುತ್ತದೆ. ಇಲ್ಲಿ ಅದು ಗುರುತು ಹಿಡಿಯುವ ಸಾಧನ. ಆದರೆ ಉಪಮಾನವನ್ನು ಕಂಡರಿಯದ ಶಿಷ್ಯನಿಗೆ ಉಪಮೆಯು ನಿಷ್ಪ್ರಯೋಜಕವಷ್ಟೆ.

ಯೂರೋಪಿನಲ್ಲಿ 1776ರಲ್ಲಿ ಪ್ಲೆಂಕ್ ಎಂಬಾತನು ಚರ್ಮವ್ಯಾಧಿಗಳನ್ನು ಕಣ್ಣಿಗೆ ತೋರುವ ರೂಪದ ಮೇಲೆ 14 ವರ್ಗಗಳಾಗಿ ವಿಂಗಡಿಸಿದನು. ಲಂಡನ್ನಿನ ರಾಬರ್ಟ್ ವಿಲ್ಲನ್ ಇದನ್ನು ಪರಿಷ್ಕರಿಸಿ, ಗುಳ್ಳೆ, ಹೊಪ್ಪಳೆ, ಹುರುಪೆ, ಕೀವುಗುಳ್ಳೆ, ಮಚ್ಚೆ ಮೊದಲಾದ 8 ಮೂಲರೂಪಗಳನ್ನು ನಿರ್ಣಯಿಸಿದನು. ಶಿಷ್ಯನು ಮೊದಲು ಮೂಲರೂಪವನ್ನು ಅರಿತು, ಬಳಿಕ ವ್ಯಾಧಿಯ ಹೆಸರಿಗೆ ಬರಬೇಕೆಂಬುದು ಆತನ ಕ್ರಮ. 1812ರಲ್ಲಿ ವಿಲ್ಲನ್ ತೀರಿಕೊಂಡ ಮೇಲೆ, ಶಿಷ್ಯನಾದ ಬೇಟ್‌ಮನ್ 1817ರಲ್ಲಿ ವರ್ಣಚಿತ್ರಸಂಪುಟವನ್ನು ಪ್ರಕಟಿಸಿದನು.

ಚಿತ್ರಕ್ಕೆ ಉಬ್ಬುತಗ್ಗುಗಳಿಲ್ಲವೆಂಬ ಕೊರತೆಯನ್ನು ಪ್ಯಾರಿಸಿನ ಸೇಂಟ್ ಲೂಯಿ ಆಸ್ಪತ್ರೆಯು ನೀಗಿತು. ಅರೆದ ಕಾಗದದಿಂದ ಹಣ್ಣುಗಳ ಪ್ರತಿಕೃತಿಗಳನ್ನು ಮಾಡುತ್ತಿದ್ದ ಜೂಲ್ ಬಾರೆತ್ತಾ ಎಂಬ ಕುಶಲಿಯನ್ನು ಅಲ್ಲಿಗೆ ಕರೆತರಲಾಯಿತು. ಅವನು ರೋಗಿಗಳ ಅಂಗಗಳ ಅಚ್ಚು ತೆಗೆದು, ಮೇಣವೆರೆದು, ಬಣ್ಣವಿತ್ತು 2,000ಕ್ಕೂ ಮಿಕ್ಕ ಪ್ರತಿಮೆಗಳನ್ನು ರಚಿಸಿದನು. 1889ರಲ್ಲಿ ಅವುಗಳ ಸಂಗ್ರಹಾಲಯವು ತೆರೆಯಿತು.

ಆದರೆ ಯೂರೋಪಿನ ಈ ಚಿತ್ರಪ್ರತಿಮೆಗಳು ಬಹುತೇಕ ಬಿಳಿಯ ಚರ್ಮದವು. ಬಿಳಿಯ ಚರ್ಮದಲ್ಲಿ ಕೆಂಪಾಗಿ ತೋರುವ ಉರಿಯೂತವು ಕಪ್ಪು ಚರ್ಮದಲ್ಲಿ ನೇರಳೆಯಾಗಿಯೋ ಬೂದುಬಣ್ಣವಾಗಿಯೋ ಗಾಢಕಂದಾಗಿಯೋ ತೋರುವುದು; ಕೆಂಪನ್ನೇ ಅರಸುವ ಕಣ್ಣು ಅದನ್ನು ಕಾಣದೆ ಹೋಗಬಹುದು. 2020ರಲ್ಲಿ ಲಂಡನ್ನಿನ ವೈದ್ಯವಿದ್ಯಾರ್ಥಿ ಮಲೋನ್ ಮುಕ್ವೆಂಡೆ ಎಂಬವರು ತಮ್ಮ ಅಧ್ಯಾಪಕರೊಡನೆ ಕಪ್ಪು ಮತ್ತು ಕಂದು ಚರ್ಮದ ಲಕ್ಷಣಗಳಿಗಾಗಿಯೇ ಕೈಪಿಡಿಯೊಂದನ್ನು ಸಿದ್ಧಪಡಿಸಿದುದು ಈ ಕೊರತೆಯಿಂದಲೇ. ಉಪಮಾನವು ನೋಡುವವನಿಗೆ ಪರಿಚಿತವಾಗಿದ್ದರೆ ಸಾಲದು, ನೋಡಲ್ಪಡುವವನಿಗೂ ಹೊಂದಬೇಕೆಂದಾಯಿತು.

ಸಾದೃಶ್ಯವಿದ್ದಲ್ಲಿ ಭ್ರಾಂತಿಗೂ ಅವಕಾಶವುಂಟು. ತೊನ್ನಿನ ಮಚ್ಚೆಯು ಹಾಲಿನಂತೆ ಬೆಳ್ಳಗಾದರೂ ಅಲ್ಲಿ ಸ್ಪರ್ಶಜ್ಞಾನವು ಕುಂದದು. ಅದು ಅಂಟುವ ವ್ಯಾಧಿಯೂ ಅಲ್ಲ. ಕುಷ್ಠರೋಗದ ಮಚ್ಚೆಯಾದರೋ ಮಾಸಲಾಗಿದ್ದು, ಸಾಮಾನ್ಯವಾಗಿ ಸ್ಪರ್ಶವನ್ನರಿಯದು. ಕಣ್ಣು ಸಂಶಯಿಸಿದುದನ್ನು ವೈದ್ಯನ ಬೆರಳು ತೀರ್ಮಾನಿಸಬೇಕು. ಚರಕಸಂಹಿತೆಯೂ ಸ್ಪರ್ಶವರಿಯದಿರುವುದನ್ನು ಕುಷ್ಠದ ಪೂರ್ವರೂಪಗಳಲ್ಲಿ ಎಣಿಸಿದೆ. ಶ್ವಿತ್ರವನ್ನು 18ರಲ್ಲಿ ಸೇರಿಸದೆ ಬೇರೆಯಾಗಿ ನಿರೂಪಿಸಿದೆ. ಇವೆರಡನ್ನು ಒಂದೆಂದು ಬಗೆದ ಸಮಾಜವು ತೊನ್ನಿನವರನ್ನು ನಿಷ್ಕಾರಣವಾಗಿ ದೂರವಿರಿಸಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಬಹುವಿಧೌಷಧಚಿಕಿತ್ಸೆಯನ್ನು ವಿಧಿಸಿದ ಮೇಲಂತೂ ಕುಷ್ಠರೋಗವೇ ಗುಣವಾಗತಕ್ಕ ವ್ಯಾಧಿಯಾಗಿರುವಾಗ, ಯಾರನ್ನೇ ಆಗಲಿ ದೂರವಿರಿಸುವುದಕ್ಕೆ ನೆಪವೂ ಉಳಿದಿಲ್ಲ.

ಕಾವ್ಯದಲ್ಲಿ ಭ್ರಾಂತಿಯು ಅಲಂಕಾರವೆನಿಸಿದೆ. ವೈದ್ಯದಲ್ಲಿ ಅದು ಒಬ್ಬನ ಬಾಳನ್ನೇ ಕೆಡಿಸಬಲ್ಲುದು.