ಶಿಶುವಿಕಾಸ ಪರೀಕ್ಷೆಗಳ ಇತಿಹಾಸ: ಒಂದು ವಿವೇಚನೆ

ಎಳೆಯ ಮಕ್ಕಳ ಬೆಳವಣಿಗೆಯಲ್ಲಿ ತೋರುವ ವಿಳಂಬವನ್ನು ಸಕಾಲದಲ್ಲಿ ಗುರುತಿಸುವ ಪರೀಕ್ಷೆಗಳು ವೈದ್ಯಶಾಸ್ತ್ರಕ್ಕೆ ಸೇರಿದವೆಂದು ಇತಿಹಾಸಕಾರರು ಅವನ್ನು ಬದಿಗಿರಿಸುವುದುಂಟು. ಆದರೆ ಈ ಅಳತೆಗೋಲುಗಳನ್ನು ನಿರ್ಮಿಸಿದವರು ಯಾರು, ಯಾವ ಮಕ್ಕಳನ್ನು ಆಧರಿಸಿ ನಿರ್ಮಿಸಿದರು, ಅಳೆದ ತರುವಾಯ ಮಗುವಿಗೆ ಏನಾಯಿತು ಎಂಬ ಪ್ರಶ್ನೆಗಳು ಸಮಾಜದ ಇತಿಹಾಸಕ್ಕೇ ಸಂಬಂಧಿಸಿದವು.

ಫ್ರಾನ್ಸಿನಲ್ಲಿ 1882ರ ಶಾಸನದಿಂದ ಪ್ರಾಥಮಿಕ ಶಿಕ್ಷಣವು ಕಡ್ಡಾಯವಾಯಿತು. ಅದುವರೆಗೆ ಶಾಲೆಯ ಹೊಸ್ತಿಲನ್ನೇ ತುಳಿಯದಿದ್ದ ಮಕ್ಕಳೂ ತರಗತಿಗಳಿಗೆ ಬಂದರು. ಪಾಠವನ್ನು ಅನುಸರಿಸಲಾರದವರು ಶಿಕ್ಷಕರ ಕಣ್ಣಿಗೆ ಬಿದ್ದರು. ಇಂಥವರ ಶಿಕ್ಷಣವನ್ನು ಕುರಿತು ವಿಚಾರಿಸಲು ಸರ್ಕಾರವು 1904ರಲ್ಲಿ ಆಯೋಗವೊಂದನ್ನು ನೇಮಿಸಿತು. ಅದರ ಸದಸ್ಯನಾದ ಆಲ್ಫ್ರೆಡ್ ಬಿನೆಯು ವೈದ್ಯನಾದ ತಿಯೊಡೋರ್ ಸೀಮೋನನೊಡನೆ 1905ರಲ್ಲಿ 30 ಅಂಶಗಳ ಮಾಪನವೊಂದನ್ನು ಪ್ರಕಟಿಸಿದನು. ಉರಿಯುವ ಕಡ್ಡಿಯ ಬೆಳಕನ್ನು ಕಣ್ಣಿನಿಂದ ಹಿಂಬಾಲಿಸುವುದೇ ಅದರ ಮೊದಲ ಅಂಶ. 1908ರ ಪರಿಷ್ಕರಣದಲ್ಲಿ ಅಂಶಗಳು ವಯಸ್ಸಿಗನುಗುಣವಾಗಿ ವಿಂಗಡಿಸಲ್ಪಟ್ಟವು. ಬುದ್ಧಿಯು ಎಂದಿಗೂ ಮಾರ್ಪಡದ ಪ್ರಮಾಣವೆಂಬ ಮತವನ್ನು ಬಿನೆಯು 1909ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಖಂಡಿಸಿದನೆಂಬುದು ಗಮನಾರ್ಹ. ತಕ್ಕ ಶಿಕ್ಷಣದಿಂದ ಮಗುವು ಮುಂದುವರಿಯಬಲ್ಲುದೆಂಬುದು ಅವನ ನಿಲುವಾಗಿತ್ತು.

ಅದೇ ಮಾಪನವು ಅಮೆರಿಕವನ್ನು ಸೇರಿದಾಗ ಅದರ ಉದ್ದೇಶವೇ ಬೇರೆಯಾಯಿತು. ನ್ಯೂಜೆರ್ಸಿಯ ವೈನ್‌ಲ್ಯಾಂಡಿನಲ್ಲಿ ಅದನ್ನು ಇಂಗ್ಲಿಷಿಗೆ ತಂದ ಹೆನ್ರಿ ಗಾಡರ್ಡನು ಬುದ್ಧಿಮಾಂದ್ಯವು ವಂಶಾನುಗತವೆಂದೂ ಅಂಥವರನ್ನು ಪ್ರತ್ಯೇಕವಾಗಿಡಬೇಕೆಂದೂ ವಾದಿಸಿದನು. ಈ ಬಗೆಯ ವಿಚಾರಧಾರೆಯು ಪ್ರಬಲವಾಗಿದ್ದ ಕಾಲದಲ್ಲಿಯೇ, 1927ರಲ್ಲಿ, ಬಲವಂತದ ಸಂತಾನಹರಣಕ್ಕೆ ಅವಕಾಶವಿತ್ತ ವರ್ಜೀನಿಯಾ ಶಾಸನವನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ನೆರವಿಗಾಗಿ ಹುಟ್ಟಿದ ಸಾಧನವು ಬಹಿಷ್ಕಾರಕ್ಕೂ ಒದಗಬಹುದೆಂಬುದಕ್ಕೆ ಇದು ನಿದರ್ಶನ.

ಈ ನಡುವೆ ಏಲ್ ವಿಶ್ವವಿದ್ಯಾನಿಲಯದಲ್ಲಿ 1911ರಿಂದ ಕಾರ್ಯನಿರತನಾದ ಆರ್ನಲ್ಡ್ ಗೆಸೆಲನು ಶಾಲಾಪೂರ್ವ ವಯಸ್ಸಿನತ್ತ ದೃಷ್ಟಿ ಹರಿಸಿ, ಶಿಶುಗಳ ಚಲನೆ, ಮಾತು, ನಡವಳಿಕೆಗಳ ಕ್ರಮವನ್ನು ದಾಖಲಿಸಿದನು. 1967ರಲ್ಲಿ ಫ್ರಾಂಕನ್‌ಬರ್ಗ್ ಮತ್ತು ಡಾಡ್ಸ್ ಪ್ರಕಟಿಸಿದ ಡೆನ್ವರ್ ಪರೀಕ್ಷೆಯು ಹುಟ್ಟಿನಿಂದ 6 ವರ್ಷದವರೆಗಿನ ಮಕ್ಕಳನ್ನು 105 ಅಂಶಗಳಿಂದ ಪರಿಶೀಲಿಸುತ್ತಿತ್ತು. ರೋಗವನ್ನು ಹೆಸರಿಸುವುದು ಅದರ ಗುರಿಯಲ್ಲ. ವಿಶೇಷ ತಪಾಸಣೆ ಯಾರಿಗೆ ಅಗತ್ಯವೆಂದು ಸೂಚಿಸುವುದಷ್ಟೇ ಅದರ ಕಾರ್ಯ. ಆದರೆ ಅದರ ಮಟ್ಟಗಳು ಡೆನ್ವರ್ ನಗರದ ಮಕ್ಕಳಿಂದ ಪಡೆದವು. ಬೇರೊಂದು ನೆಲದಲ್ಲಿ ಬೆಳೆದ ಮಗುವಿಗೆ ಅವು ಎಷ್ಟರಮಟ್ಟಿಗೆ ಅನ್ವಯಿಸುತ್ತವೆ?

ನಮ್ಮ ನಾಡಿನಲ್ಲಿ ಈ ಪ್ರಶ್ನೆಯು ಬಹು ಹಿಂದೆಯೇ ಎದ್ದಿತ್ತು. ವಿ. ವಿ. ಕಾಮತರು ಬಿನೆಯ ಮಾಪನವನ್ನು ಕನ್ನಡ ಹಾಗೂ ಮರಾಠಿ ಮಕ್ಕಳಿಗೆ ಹೊಂದಿಸಿದರು. ಭಾರತೀಯ ಮಕ್ಕಳ ಬುದ್ಧಿಮಾಪನವನ್ನು ಕುರಿತ ಅವರ ಗ್ರಂಥವು 1940ರಲ್ಲಿ ಹೊರಬಂದಿತು. ತರುವಾಯ ಬರೋಡದಲ್ಲಿ ಭಾರತೀಯ ಶಿಶುಗಳನ್ನು ಆಧರಿಸಿದ ಮಟ್ಟಗಳು ಸಿದ್ಧವಾದವು. ಅವುಗಳ ನೆರವಿನಿಂದ ತಿರುವನಂತಪುರದಲ್ಲಿ, 2 ವರ್ಷದೊಳಗಿನ ಮಕ್ಕಳಿಗಾಗಿ, ಕೇವಲ 17 ಅಂಶಗಳ ಪಟ್ಟಿಯೊಂದನ್ನು ರೂಪಿಸಿ 1991ರಲ್ಲಿ ಪ್ರಕಟಿಸಲಾಯಿತು. ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರೂ ಬಳಸಬಲ್ಲಷ್ಟು ಅದು ಸರಳವಾದುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಬೆಳವಣಿಗೆಯ ವಿಳಂಬವನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡು, ಅಂಗನವಾಡಿಗಳಲ್ಲಿ ವರ್ಷಕ್ಕೆರಡು ಬಾರಿ ತಪಾಸಣೆಯನ್ನು ವಿಧಿಸಿತು. ಮುಂದಿನ ಆರೈಕೆಗೆ ಜಿಲ್ಲಾ ಕೇಂದ್ರಗಳನ್ನೂ ಯೋಜಿಸಿತು.

ಮೇಲ್ಕಂಡ ಸಂಗತಿಗಳಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಅಳತೆಯ ಮಟ್ಟವು ಅಳೆಯಲ್ಪಡುವ ಮಕ್ಕಳ ನಡುವಿನಿಂದಲೇ ಬರಬೇಕು. ಪರೀಕ್ಷೆಯ ಹಿಂದೆಯೇ ಚಿಕಿತ್ಸೆ ಮತ್ತು ಶಿಕ್ಷಣಗಳು ದೊರೆಯಬೇಕು. ಎರಡನೆಯದು ದೊರೆಯದ ಊರಿನಲ್ಲಿ ಮಗುವಿಗೆ ಉಳಿಯುವುದು ಅದಕ್ಕೆ ಅಂಟಿದ ಹೆಸರು ಮಾತ್ರ.