ಸಂದರ್ಶನ ಮುಗಿದ ಮೇಲೆ: ಅಮೆರಿಕದ ವೈದ್ಯಕೀಯ ಪ್ರವೇಶದಲ್ಲಿ ಕಾಯುವ ಕಾಲ

ಹೊರನಾಡ ಕನ್ನಡ ಕುಟುಂಬಗಳಲ್ಲಿ ಅನೇಕರ ಮಕ್ಕಳು, ಒಡಹುಟ್ಟಿದವರು ಇಂದು ಅಮೆರಿಕದಲ್ಲಿ ನೆಲೆಸಿದ್ದಾರೆ. ಅಲ್ಲಿ ಹುಟ್ಟಿ ಬೆಳೆದ ಮೊಮ್ಮಕ್ಕಳು ವೈದ್ಯರಾಗಬೇಕೆಂದು ಹಂಬಲಿಸಿದಾಗ ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿರುವ ಹಿರಿಯರು ಸಂತೋಷಪಡುವುದು ಸಹಜ. ಆದರೆ ಸಂದರ್ಶನ ಮುಗಿದು ತಿಂಗಳುಗಳು ಉರುಳಿದರೂ ‘ಸೀಟು ಸಿಕ್ಕಿತು’ ಎಂಬ ವಾರ್ತೆ ಬಾರದಿದ್ದಾಗ ಆ ಸಂತೋಷ ಕಳವಳಕ್ಕೆ ತಿರುಗುತ್ತದೆ. ಸಂದರ್ಶನ ಸರಿಯಾಗಿ ಆಗಲಿಲ್ಲವೇನೋ, ಮಗು ಏನನ್ನೋ ಮುಚ್ಚಿಡುತ್ತಿದೆಯೇನೋ ಎಂಬ ಸಂಶಯಗಳು ಮೂಡುತ್ತವೆ. ಅಲ್ಲಿನ ಪದ್ಧತಿಯನ್ನು ಅರಿತರೆ ಈ ಕಳವಳದ ಬಹುಪಾಲು ಕರಗುತ್ತದೆ. ಅಲ್ಲಿ ಮೌನವೆಂದರೆ ನಿರಾಕರಣೆಯಲ್ಲ. ಆ ಮೌನಕ್ಕೂ ಒಂದು ಪಂಚಾಂಗವಿದೆ. ಅದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಎರಡು ದೇಶ, ಎರಡು ಪದ್ಧತಿ

ನಮ್ಮ ದೇಶದಲ್ಲಿ ಎಂ.ಬಿ.ಬಿ.ಎಸ್. ಪ್ರವೇಶಕ್ಕೆ ‘ನೀಟ್’ ಪರೀಕ್ಷೆಯೇ ಆಧಾರ. 720 ಅಂಕಗಳಲ್ಲಿ ಎಷ್ಟು ಬಂತು, ಅದಕ್ಕೆ ಯಾವ ರ್‍ಯಾಂಕು, ಆ ರ್‍ಯಾಂಕಿಗೆ ಕೌನ್ಸೆಲಿಂಗಿನಲ್ಲಿ ಯಾವ ಕಾಲೇಜು ಎಂಬಲ್ಲಿಗೆ ಲೆಕ್ಕ ಮುಗಿಯುತ್ತದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ತನ್ನದೇ ಆದ ಪ್ರವೇಶ ಪರೀಕ್ಷೆ ಮತ್ತು ಸಂದರ್ಶನಗಳ ಮೂಲಕ ವಿದ್ಯಾರ್ಥಿಗಳನ್ನು ಆರಿಸುವ ದೀರ್ಘ ಪರಂಪರೆ ಹೊಂದಿತ್ತು. 2020ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹ ಸಂಸ್ಥೆಗಳಿಗೂ ನೀಟ್ ಅನ್ವಯಿಸುತ್ತದೆಂದು ತೀರ್ಪಿತ್ತಿತು. ಪುಣೆಯಲ್ಲಿ 1948ರಲ್ಲಿ ಸ್ಥಾಪನೆಯಾದ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ನೀಟ್ ಅಂಕಗಳ ಬಳಿಕ ಸಂದರ್ಶನವೂ ವೈದ್ಯಕೀಯ ತಪಾಸಣೆಯೂ ನಡೆಯುತ್ತವೆ. ಇಂತಹ ಅಪವಾದಗಳನ್ನು ಬಿಟ್ಟರೆ ನಮ್ಮಲ್ಲಿ ಅಂಕಪಟ್ಟಿಯೇ ನಿರ್ಣಾಯಕ.

ಅಮೆರಿಕದಲ್ಲಿ ಹಾಗಲ್ಲ. ಸಾಮಾನ್ಯವಾಗಿ ಅಲ್ಲಿ ಮೊದಲು ನಾಲ್ಕು ವರ್ಷಗಳ ಪದವಿ ಮುಗಿಯಬೇಕು. ಆಮೇಲೆ ನಾಲ್ಕು ವರ್ಷಗಳ ಎಂ.ಡಿ. ಶಿಕ್ಷಣ. ‘ಎಂಕ್ಯಾಟ್’ ಎಂಬ ಪ್ರವೇಶ ಪರೀಕ್ಷೆ ಇದೆ. ಅದರ ಅಂಕಗಳು 472ರಿಂದ 528ರವರೆಗೆ ಇರುತ್ತವೆ. ಆದರೆ ಅದೊಂದೇ ಸಾಲದು. ಪದವಿಯ ಅಂಕಗಳು, ಆಸ್ಪತ್ರೆಗಳಲ್ಲಿ ಮಾಡಿದ ಸೇವೆ, ಸಂಶೋಧನೆ, ಅಧ್ಯಾಪಕರ ಶಿಫಾರಸು ಪತ್ರಗಳು, ಸ್ವಂತ ಬರವಣಿಗೆ ಇವೆಲ್ಲವನ್ನೂ ತೂಗಿ ನೋಡಲಾಗುತ್ತದೆ. ಬಹುತೇಕ ಎಂ.ಡಿ. ಕಾಲೇಜುಗಳಿಗೆ, 1876ರಲ್ಲಿ ಆರಂಭವಾದ ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘ ನಡೆಸುವ ಕೇಂದ್ರೀಯ ವ್ಯವಸ್ಥೆಯ ಮೂಲಕ ಒಂದೇ ಅರ್ಜಿ ಸಲ್ಲಿಸಬಹುದು. ಬಳಿಕ ಒಂದೊಂದು ಕಾಲೇಜೂ ತನ್ನದೇ ಪ್ರಶ್ನೆಗಳಿರುವ ಎರಡನೆಯ ಅರ್ಜಿಯನ್ನು ಕೇಳುತ್ತದೆ. ಅದರಲ್ಲಿ ಆಯ್ದವರನ್ನು ಮಾತ್ರ ಸಂದರ್ಶನಕ್ಕೆ ಕರೆಯುತ್ತಾರೆ. ಆದ್ದರಿಂದ ಸಂದರ್ಶನದ ಕರೆ ಬಂತೆಂದರೆ ಸಾವಿರಾರು ಅರ್ಜಿಗಳ ನಡುವೆ ಒಂದು ದೊಡ್ಡ ಹಂತ ದಾಟಿದಂತೆಯೇ.

ಸಂದರ್ಶನಗಳು ಸುಮಾರು ಆಗಸ್ಟ್ ಕೊನೆಯಿಂದ ಮುಂದಿನ ವರ್ಷದ ಮಾರ್ಚ್‌ವರೆಗೆ ನಡೆಯುತ್ತವೆ. ಕೆಲವೆಡೆ ಒಬ್ಬಿಬ್ಬರು ಅಧ್ಯಾಪಕರು ಕುಳಿತು ಮಾತನಾಡುತ್ತಾರೆ. ಇನ್ನು ಕೆಲವೆಡೆ ಅಭ್ಯರ್ಥಿಯು ಒಬ್ಬರಿಂದ ಇನ್ನೊಬ್ಬರ ಬಳಿಗೆ ಸಾಗುತ್ತ ಕೆಲವೇ ನಿಮಿಷಗಳ ಹಲವು ಕಿರು ಸಂದರ್ಶನಗಳನ್ನು ಎದುರಿಸಬೇಕು. ಈ ಕಿರು ಸಂದರ್ಶನಗಳ ಕ್ರಮ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ 2000ರ ದಶಕದ ಆರಂಭದಲ್ಲಿ ರೂಪುಗೊಂಡಿತು. 2020ರ ಕೋವಿಡ್ ಕಾಲದಿಂದ ಅನೇಕ ಕಾಲೇಜುಗಳು ಅಂತರ್ಜಾಲದ ಮೂಲಕವೇ ಸಂದರ್ಶನ ನಡೆಸುವ ರೂಢಿಯನ್ನು ಇರಿಸಿಕೊಂಡಿವೆ.

ಸಂದರ್ಶನದ ಬಳಿಕ ನಡೆಯುವುದೇನು?

ಸಂದರ್ಶನ ಮಾಡಿದವರೇ ಪ್ರವೇಶ ಕೊಡುತ್ತಾರೆಂಬುದು ನಮ್ಮಲ್ಲಿ ಸಾಮಾನ್ಯವಾದ ಗ್ರಹಿಕೆ. ಅದು ಸರಿಯಲ್ಲ. ಬ್ಯಾಂಕಿನಲ್ಲಿ ದೊಡ್ಡ ಮೊತ್ತದ ಸಾಲ ಕೇಳಿದಾಗ ಶಾಖಾ ವ್ಯವಸ್ಥಾಪಕರು ಅರ್ಜಿದಾರರನ್ನು ಕಂಡು ತಮ್ಮ ಅಭಿಪ್ರಾಯ ಬರೆದು ಮೇಲಕ್ಕೆ ಕಳುಹಿಸುತ್ತಾರೆ. ಮಂಜೂರಾತಿ ಮಾತ್ರ ಮೇಲಿನ ಸಮಿತಿಯಿಂದ ಬರಬೇಕು. ಇಲ್ಲಿಯೂ ಹಾಗೆಯೇ. ಸಂದರ್ಶಕರು ತಮ್ಮ ವರದಿ ಸಲ್ಲಿಸುತ್ತಾರೆ. ಕಾಲೇಜಿನ ಪ್ರವೇಶ ಸಮಿತಿ ಆ ವರದಿಯನ್ನು ಅರ್ಜಿಯ ಉಳಿದ ಭಾಗಗಳೊಡನೆ ಇಟ್ಟು ಚರ್ಚಿಸಿ ತೀರ್ಮಾನಿಸುತ್ತದೆ. ಅಂತಿಮ ಅಧಿಕಾರ ಆ ಸಮಿತಿಯದೇ ಆಗಿರಬೇಕೆಂಬುದು ಅಲ್ಲಿನ ಮಾನ್ಯತಾ ಮಂಡಳಿಯ ನಿಯಮವೂ ಹೌದು.

ಹೆಚ್ಚಿನ ಕಾಲೇಜುಗಳಲ್ಲಿ ಸಂದರ್ಶನಗಳು ನಡೆಯುತ್ತಿರುವಂತೆಯೇ ಕಂತುಕಂತಾಗಿ ತೀರ್ಮಾನಗಳು ಹೊರಬೀಳುತ್ತವೆ. ಸೆಪ್ಟೆಂಬರಿನಲ್ಲಿ ಬಂದವರನ್ನು ಜನವರಿಯಲ್ಲಿ ಬರಲಿರುವವರೊಡನೆ ಹೋಲಿಸಿ ನೋಡಬೇಕೆಂದು ಸಮಿತಿ ಬಯಸಿದರೆ ಆ ಅರ್ಜಿಯನ್ನು ಬದಿಗಿರಿಸುತ್ತದೆ. ಅಭ್ಯರ್ಥಿಗೆ ಆಗ ಯಾವ ಉತ್ತರವೂ ಬರದಿರಬಹುದು. ಮತ್ತೆ ಕೆಲವು ಕಾಲೇಜುಗಳು ಎಲ್ಲ ಸಂದರ್ಶನಗಳೂ ಮುಗಿದ ಬಳಿಕ ಒಮ್ಮೆಲೇ ಫಲಿತಾಂಶ ತಿಳಿಸುತ್ತವೆ. ಹಾರ್ವರ್ಡ್ ವೈದ್ಯಕೀಯ ಶಾಲೆಯ ತೀರ್ಮಾನಗಳು ಸಾಮಾನ್ಯವಾಗಿ ಮಾರ್ಚ್ ತಿಂಗಳಲ್ಲಿ ಬರುತ್ತವೆ. ಅಲ್ಲಿ ಸೆಪ್ಟೆಂಬರಿನಲ್ಲಿ ಸಂದರ್ಶನ ಮುಗಿಸಿದವರು ಆರು ತಿಂಗಳು ಕಾಯುವುದು ಅಸಹಜವೇನೂ ಅಲ್ಲ.

ನೆನಪಿಡಬೇಕಾದ ದಿನಾಂಕಗಳು

ಅಕ್ಟೋಬರ್ 15: ಮೊದಲೇ ಒಂದೇ ಕಾಲೇಜಿಗೆ ಬದ್ಧರಾಗಿ ಅರ್ಜಿ ಹಾಕಿದವರನ್ನು ಬಿಟ್ಟರೆ, ಉಳಿದವರಿಗೆ ಈ ದಿನಕ್ಕಿಂತ ಮೊದಲು ಪ್ರವೇಶದ ಒಪ್ಪಿಗೆ ಬರುವುದಿಲ್ಲ. ಆ ದಿನ ಪತ್ರ ಬಂದವರ ಸುದ್ದಿ ಬೇಗ ಹರಡುತ್ತದೆ. ಬಾರದವರೇ ಬಹುಸಂಖ್ಯಾತರು ಎಂಬುದು ಮಾತ್ರ ಯಾರ ಕಿವಿಗೂ ಬೀಳುವುದಿಲ್ಲ.

ಅಕ್ಟೋಬರಿನಿಂದ ಮಾರ್ಚ್‌ವರೆಗೆ: ಒಪ್ಪಿಗೆ, ನಿರಾಕರಣೆ, ‘ವೇಟ್ ಲಿಸ್ಟ್’ ಈ ಮೂರರಲ್ಲಿ ಒಂದು ಯಾವಾಗಲಾದರೂ ಬರಬಹುದು. ಚಳಿಗಾಲದ ರಜೆಯ ಹೊತ್ತಿನಲ್ಲಿ ಕೆಲಸ ನಿಧಾನವಾಗುವುದೂ ಉಂಟು.

ಫೆಬ್ರವರಿ: ಕನ್ನಡಿಗರು ಬಹಳವಾಗಿ ನೆಲೆಸಿರುವ ಟೆಕ್ಸಸ್ ರಾಜ್ಯದ ಬಹುತೇಕ ಕಾಲೇಜುಗಳಿಗೆ ಪ್ರತ್ಯೇಕವಾದ ಅರ್ಜಿ ವ್ಯವಸ್ಥೆಯಿದೆ. ಅಲ್ಲಿ ರಾಜ್ಯದ ನಿವಾಸಿಗಳಿಗೆ ಮೊದಲು ಕೆಲವು ನೇರ ಒಪ್ಪಿಗೆಗಳು ಬರುತ್ತವೆ. ಆಮೇಲೆ ಅಭ್ಯರ್ಥಿಗಳು ತಮ್ಮ ಇಷ್ಟದ ಕ್ರಮದಲ್ಲಿ ಕಾಲೇಜುಗಳನ್ನೂ, ಕಾಲೇಜುಗಳು ತಮ್ಮ ಇಷ್ಟದ ಕ್ರಮದಲ್ಲಿ ಅಭ್ಯರ್ಥಿಗಳನ್ನೂ ಬರೆದುಕೊಡುತ್ತಾರೆ. ಇವೆರಡನ್ನೂ ಹೊಂದಿಸಿ ಬರುವ ಫಲಿತಾಂಶವೇ ಫೆಬ್ರವರಿಯದು. ಅಲ್ಲಿನ ಸರಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಹೊರ ರಾಜ್ಯದವರ ಪಾಲು ಶೇಕಡಾ 10ನ್ನು ಮೀರುವಂತಿಲ್ಲ.

ಏಪ್ರಿಲ್ 30: ಹಲವು ಕಾಲೇಜುಗಳ ಒಪ್ಪಿಗೆ ಕೈಯಲ್ಲಿರುವವರು ಇಷ್ಟರೊಳಗೆ ಒಂದನ್ನು ಆರಿಸಿಕೊಂಡು ಉಳಿದವನ್ನು ಬಿಟ್ಟುಕೊಡಬೇಕು. ಅವರು ಬಿಟ್ಟ ಜಾಗಗಳು ತೆರವಾಗುತ್ತವೆ. ಆದ್ದರಿಂದ ಕಾಯುತ್ತಿರುವವರ ಪಾಲಿಗೆ ಇದು ಕೊನೆಯ ದಿನವಲ್ಲ, ಹೊಸ ಅವಕಾಶದ ಮೊದಲ ದಿನ.

ಮೇ ತಿಂಗಳಿಂದ ತರಗತಿ ಆರಂಭದವರೆಗೆ: ಒಬ್ಬರು ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋದರೆ ಬಿಟ್ಟ ಜಾಗಕ್ಕೆ ಮತ್ತೊಬ್ಬರು ಬರುತ್ತಾರೆ. ಈ ಸರಪಣಿ ಜುಲೈ, ಆಗಸ್ಟ್‌ವರೆಗೂ ಸಾಗುತ್ತದೆ. ತರಗತಿ ಆರಂಭಕ್ಕೆ ಕೆಲವೇ ದಿನಗಳಿರುವಾಗ ದೂರವಾಣಿ ಕರೆ ಬಂದು ಊರು ಬದಲಿಸಿದವರೂ ಇದ್ದಾರೆ.

ಈ ವೇಟ್ ಲಿಸ್ಟ್ ನಮ್ಮ ರೈಲ್ವೆಯ ವೇಟಿಂಗ್ ಲಿಸ್ಟಿನಂತಲ್ಲ. ರೈಲಿನಲ್ಲಿ ನಮಗೊಂದು ಸಂಖ್ಯೆಯಿರುತ್ತದೆ. ಮುಂದಿನವರು ಸರಿದಂತೆ ನಾವು ಮುಂದೆ ಹೋಗುತ್ತೇವೆ. ಅಮೆರಿಕದ ಅನೇಕ ಕಾಲೇಜುಗಳ ಪಟ್ಟಿಯಲ್ಲಿ ಇಂತಹ ಸಂಖ್ಯೆಯೇ ಇರುವುದಿಲ್ಲ. ಜಾಗ ತೆರವಾದಾಗ ತರಗತಿಗೆ ಯಾರು ಹೊಂದುತ್ತಾರೆಂದು ಸಮಿತಿ ಮತ್ತೆ ನೋಡುತ್ತದೆ. ಹಾಗಾಗಿ ‘ಎಷ್ಟನೆಯ ನಂಬರು?’ ಎಂದು ಮಗುವನ್ನು ಕೇಳಿದರೆ ಅದಕ್ಕೆ ಉತ್ತರ ಗೊತ್ತಿರುವುದಿಲ್ಲ.

ಯೋಗ್ಯತೆಯ ತೀರ್ಪಲ್ಲ

2023ರಲ್ಲಿ ಅಮೆರಿಕದ ಎಂ.ಡಿ. ಕಾಲೇಜುಗಳಿಗೆ ಅರ್ಜಿ ಸಲ್ಲಿಸಿದವರು ಸುಮಾರು 52,500 ಮಂದಿ. ಸೇರಿದವರು ಸುಮಾರು 23,000. ಅಂದರೆ ಅರ್ಧಕ್ಕಿಂತ ಹೆಚ್ಚಿನವರಿಗೆ ಆ ವರ್ಷ ಬಾಗಿಲು ತೆರೆಯಲಿಲ್ಲ. ಅವರೆಲ್ಲರೂ ಅಯೋಗ್ಯರೇ?

ಈ ಪ್ರಶ್ನೆಗೆ ಟೆಕ್ಸಸಿನ ಹ್ಯೂಸ್ಟನ್ ನಗರದಲ್ಲಿ ಆಕಸ್ಮಿಕವಾಗಿ ಒಂದು ಉತ್ತರ ದೊರೆಯಿತು. 1979ರಲ್ಲಿ ಅಲ್ಲಿನ ಟೆಕ್ಸಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ ಸುಮಾರು 800 ಮಂದಿಯನ್ನು ಸಂದರ್ಶಿಸಿ, ಶ್ರೇಯಾಂಕ ನೀಡಿ, 150 ಮಂದಿಯ ತರಗತಿಯನ್ನು ತುಂಬಿಕೊಂಡಿತ್ತು. ಆಗ ರಾಜ್ಯದ ಶಾಸನಸಭೆ ಇನ್ನೂ 50 ಮಂದಿಯನ್ನು ಸೇರಿಸಿಕೊಳ್ಳಬೇಕೆಂದು ಆದೇಶಿಸಿತು. ಆ ಹೊತ್ತಿಗೆ ಒಳ್ಳೆಯ ಶ್ರೇಯಾಂಕದವರೆಲ್ಲ ಬೇರೆಡೆ ಸೇರಿಬಿಟ್ಟಿದ್ದರು. ಕಾಲೇಜು ಪಟ್ಟಿಯ ತಳಭಾಗದಿಂದ, ತಾನೇ ಮೊದಲು ನಿರಾಕರಿಸಿದ್ದವರನ್ನು ಕರೆಯಬೇಕಾಯಿತು. ಮುಂದೆ ಈ ಎರಡೂ ಗುಂಪುಗಳ ಓದು, ಆಸ್ಪತ್ರೆಯ ಕೆಲಸ, ಪದವಿಯ ನಂತರದ ಮೊದಲ ವರ್ಷದ ತರಬೇತಿ ಇವನ್ನು ಹೋಲಿಸಿದಾಗ ಹೇಳಿಕೊಳ್ಳುವಂತಹ ವ್ಯತ್ಯಾಸವೇ ಕಾಣಲಿಲ್ಲ. ಈ ಅಧ್ಯಯನ 1987ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಪ್ರಕಟವಾಯಿತು.

ಸಮಿತಿಗಳು ಕಣ್ಣು ಮುಚ್ಚಿ ಆರಿಸುತ್ತವೆ ಎಂದು ಇದರ ಅರ್ಥವಲ್ಲ. ಸಂದರ್ಶನದವರೆಗೆ ಬಂದವರೆಲ್ಲರೂ ಆಗಲೇ ಜರಡಿಯಲ್ಲಿ ಜಾಲಿಸಲ್ಪಟ್ಟವರು. ಅವರ ನಡುವೆ ಆರಿಸುವಾಗ ಜಾಗದ ಮಿತಿಯೇ ಬಹುಮಟ್ಟಿಗೆ ನಿರ್ಧರಿಸುತ್ತದೆ. ಮಗುವಿನ ಬುದ್ಧಿಯನ್ನೋ ಶ್ರಮವನ್ನೋ ಒಂದು ಪತ್ರದಿಂದ ಅಳೆಯಬಾರದು.

ಕಾಯುವಾಗ ಮಾಡಬೇಕಾದ ಕೆಲಸ

ಮೊದಲನೆಯದಾಗಿ, ಕಾಲೇಜಿನ ನಿಯಮವನ್ನು ಓದಿಕೊಳ್ಳಬೇಕು. ಕೆಲವು ಕಾಲೇಜುಗಳು ಸಂದರ್ಶನದ ನಂತರವೂ ಹೊಸ ಮಾಹಿತಿಯ ಪತ್ರವನ್ನು ಸ್ವೀಕರಿಸುತ್ತವೆ. ಕೆಲವು ಬೇಡವೆಂದು ಸ್ಪಷ್ಟವಾಗಿ ಹೇಳುತ್ತವೆ. ಸ್ವೀಕರಿಸುವ ಕಡೆ ಹೊಸ ಅಂಕಗಳು, ಹೊಸ ಕೆಲಸ, ಪ್ರಕಟವಾದ ಸಂಶೋಧನೆ ಇಂತಹ ನಿಜವಾದ ಬೆಳವಣಿಗೆ ಇದ್ದರೆ ಮಾತ್ರ ಬರೆಯಬೇಕು.

ಎರಡನೆಯದಾಗಿ, ‘ಪ್ರವೇಶ ಕೊಟ್ಟರೆ ಖಂಡಿತ ನಿಮ್ಮಲ್ಲಿಗೇ ಬರುತ್ತೇನೆ’ ಎಂದು ತಿಳಿಸುವ ‘ಲೆಟರ್ ಆಫ್ ಇಂಟೆಂಟ್’ ಅನ್ನು ಒಂದೇ ಒಂದು ಕಾಲೇಜಿಗೆ ಬರೆಯಬೇಕು. ಅದು ಕಾನೂನಿನ ಕರಾರಲ್ಲದಿದ್ದರೂ ಕೊಟ್ಟ ಮಾತು. ಹಲವರಿಗೆ ಅದೇ ಮಾತು ಕೊಡುವುದು ವೈದ್ಯನಾಗಹೊರಟವರಿಗೆ ಶೋಭಿಸದು.

ಮೂರನೆಯದಾಗಿ, ತಂದೆ ತಾಯಿ ಕಾಲೇಜಿಗೆ ಫೋನ್ ಮಾಡಬಾರದು. ಅಲ್ಲಿ ಅಭ್ಯರ್ಥಿಯನ್ನು ವಯಸ್ಕರೆಂದೇ ಪರಿಗಣಿಸುತ್ತಾರೆ. ಪರಿಚಿತರ ಮೂಲಕ ಹೇಳಿಸುವ ಪ್ರಯತ್ನದಿಂದಲೂ ಲಾಭವಿಲ್ಲ.

ನಾಲ್ಕನೆಯದಾಗಿ, ಹಣದ ಏರ್ಪಾಡು. ಇದನ್ನು ಒಪ್ಪಿಗೆ ಬಂದ ಮೇಲೆ ನೋಡೋಣವೆಂದು ಬಿಡಬಾರದು. ಅಮೆರಿಕದ ಕೇಂದ್ರ ಸರಕಾರದ ವಿದ್ಯಾರ್ಥಿ ಸಾಲ ಅಲ್ಲಿನ ನಾಗರಿಕರಿಗೂ ಗ್ರೀನ್ ಕಾರ್ಡ್ ಇರುವವರಿಗೂ ಮುಖ್ಯವಾಗಿ ದೊರೆಯುತ್ತದೆ. 2025ರ ಜುಲೈಯಲ್ಲಿ ಅಂಗೀಕಾರವಾದ ಕಾಯಿದೆಯ ಪ್ರಕಾರ, 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವ ವೈದ್ಯ ವಿದ್ಯಾರ್ಥಿಗಳಿಗೆ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್ ಎಂಬ ಮಿತಿಯಿದೆ. ಹಿಂದೆ ಪೂರ್ಣ ವೆಚ್ಚದವರೆಗೂ ಸಿಗುತ್ತಿದ್ದ ‘ಗ್ರಾಡ್ ಪ್ಲಸ್’ ಸಾಲ ಹೊಸಬರಿಗೆ ಇಲ್ಲ. ತಂದೆ ತಾಯಿ ಇನ್ನೂ ಎಚ್-1ಬಿ ವೀಸಾದಲ್ಲಿದ್ದರೆ ಮಕ್ಕಳು ಪ್ರವೇಶದ ದೃಷ್ಟಿಯಲ್ಲಿ ಸಾಮಾನ್ಯವಾಗಿ ವಿದೇಶಿಯರೇ. ಅನೇಕ ಸರಕಾರಿ ಕಾಲೇಜುಗಳು ಅವರ ಅರ್ಜಿಯನ್ನೇ ಪರಿಗಣಿಸುವುದಿಲ್ಲ. ಪರಿಗಣಿಸುವ ಕೆಲವು ಕಾಲೇಜುಗಳು ಶುಲ್ಕಕ್ಕೆ ಬೇಕಾದ ಹಣ ಇದೆಯೆಂದು ಮುಂಗಡವಾಗಿ ತೋರಿಸುವಂತೆ ಕೇಳುತ್ತವೆ. ಊರಿನ ಆಸ್ತಿ, ಠೇವಣಿಗಳನ್ನು ಅವಲಂಬಿಸುವ ಕುಟುಂಬಗಳು ಈ ತಿಂಗಳುಗಳಲ್ಲೇ ಕಾಗದಪತ್ರ ಸರಿಪಡಿಸಿಕೊಳ್ಳುವುದು ಒಳಿತು.

ಐದನೆಯದಾಗಿ, ಎರಡನೆಯ ದಾರಿಯ ಯೋಚನೆ. ಎಂ.ಡಿ.ಯಂತೆಯೇ ಪೂರ್ಣ ವೈದ್ಯವೃತ್ತಿಯ ಹಕ್ಕು ಕೊಡುವ ಡಿ.ಒ. ಎಂಬ ಪದವಿಯೂ ಅಲ್ಲಿದೆ. ಅದಕ್ಕೆ ಬೇರೆ ಕಾಲೇಜುಗಳು, ಬೇರೆ ಅರ್ಜಿ. ಮುಂದಿನ ಸುತ್ತಿನ ಅರ್ಜಿ ಮೇ ತಿಂಗಳಲ್ಲೇ ತೆರೆಯುವುದರಿಂದ ವೇಟ್ ಲಿಸ್ಟಿನಲ್ಲಿರುವವರು ಒಂದು ಕಣ್ಣು ಅತ್ತಲೂ ಇಟ್ಟಿರಬೇಕು. ಎರಡನೆಯ ಸಲ ಅರ್ಜಿ ಹಾಕಿ ಸೇರಿದವರು ಪ್ರತಿ ತರಗತಿಯಲ್ಲೂ ಇರುತ್ತಾರೆ.

ಮನೆಯ ಹಿರಿಯರಿಗೆ

ಭಾನುವಾರದ ಫೋನಿನಲ್ಲಿ ಅಜ್ಜಿ ‘ಏನಾಯ್ತು ಮಗಾ?’ ಎಂದು ಕೇಳುವುದು ಪ್ರೀತಿಯಿಂದಲೇ. ಆದರೆ ಅದೇ ಪ್ರಶ್ನೆಯನ್ನು ಅತ್ತೆ, ದೊಡ್ಡಪ್ಪ, ಚಿಕ್ಕಮ್ಮ ಎಲ್ಲರೂ ವಾರವಾರ ಕೇಳಿದರೆ, ದಿನಕ್ಕೆ ಹತ್ತು ಸಲ ತಾನೇ ಅಂಚೆ ನೋಡುತ್ತಿರುವ ಮಗುವಿಗೆ ಅದು ಹೊರೆಯಾಗುತ್ತದೆ. ಇಲ್ಲಿ ನೀಟ್ ಬರೆದ ಸೋದರ ಸಂಬಂಧಿಗೆ ಸೀಟು ಸಿಕ್ಕಿತೆಂಬ ಹೋಲಿಕೆಯಂತೂ ಸಲ್ಲದು. ಪರೀಕ್ಷೆಯೇ ಬೇರೆ, ಪಂಚಾಂಗವೇ ಬೇರೆ. ಒಪ್ಪಿಗೆ ಬಂದ ದಿನ ಮಗು ತಾನಾಗಿಯೇ ಕರೆ ಮಾಡುತ್ತದೆ. ಅಲ್ಲಿಯವರೆಗೆ ಊಟದ ವಿಷಯ, ಓದಿದ ಪುಸ್ತಕದ ವಿಷಯ, ಊರಿನ ಮಳೆಯ ವಿಷಯ ಮಾತನಾಡಬಹುದು. ಅಕ್ಟೋಬರ್ 15, ಏಪ್ರಿಲ್ 30 ಎಂಬ ಎರಡು ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿಟ್ಟುಕೊಂಡರೆ ಹಿರಿಯರಿಗೂ ಸಮಾಧಾನ, ಕಿರಿಯರಿಗೂ ನೆಮ್ಮದಿ.