ಒಂದು ಉಪನ್ಯಾಸದ ಫಲ

ಬೋಧಕನ ಮುಖದಿಂದ ಹೊರಟ ಮಾತು ಯಾವ ನೆಲದಲ್ಲಿ ಬೇರೂರಿ ಯಾವ ಕಾಲದಲ್ಲಿ ಫಲಿಸುವುದೆಂಬುದು ಮೊದಲೇ ತಿಳಿಯಬರುವಂಥದಲ್ಲ. ರಾಜ್ಯಾಂಗಶಾಸ್ತ್ರದಲ್ಲಿ ಇದಕ್ಕೆ ನಿದರ್ಶನವಾದುದು, ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯದ ವಿದ್ವಾಂಸರಾದ ಡೀಟ್ರಿಷ್ ಕಾನ್ರಾಡರು 1965ನೆಯ ಇಸವಿ ಫೆಬ್ರವರಿಯಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಮಾಡಿದ ಉಪನ್ಯಾಸ.

ಭಾರತ ಸಂವಿಧಾನದ 368ನೆಯ ವಿಧಿಯು ತಿದ್ದುಪಡಿಯ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿರುವುದು. ಆ ಅಧಿಕಾರಕ್ಕೆ ಎಲ್ಲೆಯುಂಟೆ? ಜನರ ಪ್ರಾಣವನ್ನೂ ಸ್ವಾತಂತ್ರ್ಯವನ್ನೂ ಕಾಯುವ 21ನೆಯ ವಿಧಿಯನ್ನು ತಿದ್ದುಪಡಿಯ ಹೆಸರಿನಲ್ಲಿ ಅಳಿಸಿಬಿಡಬಹುದೆ? ದೇಶವನ್ನೇ ಎರಡಾಗಿ ಒಡೆಯಬಹುದೆ? ಇವು ಕಾನ್ರಾಡರು ಎತ್ತಿದ ಪ್ರಶ್ನೆಗಳು. ಇವು ಬರಿಯ ತರ್ಕವಿನೋದವಾಗಿರಲಿಲ್ಲ. ಅವರ ನಾಡಿನ 1919ರ ವೈಮಾರ್ ಸಂವಿಧಾನದಲ್ಲಿ ಇಂಥ ಎಲ್ಲೆಯಿರಲಿಲ್ಲವಾಗಿ, 1933ರಲ್ಲಿ ಹಿಟ್ಲರನು ತಿದ್ದುಪಡಿಯ ಕ್ರಮದಿಂದಲೇ ಶಾಸನ ಮಾಡುವ ಅಧಿಕಾರವನ್ನು ತನ್ನ ಸರಕಾರಕ್ಕೆ ಸೆಳೆದುಕೊಂಡನು. ಆ ದುಃಖವನ್ನುಂಡ ಮೇಲೆ, 1949ರ ಜರ್ಮನ್ ಮೂಲಶಾಸನದ 79ನೆಯ ವಿಧಿಯು ಕೆಲವು ತತ್ವಗಳನ್ನು ಯಾವ ತಿದ್ದುಪಡಿಯೂ ಮುಟ್ಟದಂತೆ ಕಟ್ಟುಮಾಡಿತು.

ನ್ಯಾಯವಾದಿ ಎಂ. ಕೆ. ನಂಬಿಯಾರರು ಕಾನ್ರಾಡರ ವಾದವನ್ನು ಗೋಲಕ್‌ನಾಥ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದಿಟ್ಟರು. 1967ರ ಆ ತೀರ್ಪು ಇದನ್ನು ನಿರ್ಣಯಿಸದೆ ಬಿಟ್ಟಿತು. 1970ರಲ್ಲಿ ಕಾಸರಗೋಡು ಸೀಮೆಯ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು, ಮಠದ ಭೂಮಿಯ ನಿಮಿತ್ತವಾಗಿ, ಕೇರಳದ ಭೂಸುಧಾರಣಾ ಶಾಸನವನ್ನು ಪ್ರಶ್ನಿಸಿ ಅದೇ ನ್ಯಾಯಾಲಯವನ್ನು ಸೇರಿದರು. 13 ಮಂದಿ ನ್ಯಾಯಾಧೀಶರು 68 ದಿನಗಳ ಕಾಲ ವಾದವನ್ನಾಲಿಸಿದರು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲಸ್ವರೂಪವನ್ನು ಕೆಡಿಸಲಾಗದು ಎಂದು 1973ನೆಯ ಇಸವಿ ಏಪ್ರಿಲ್ 24ರಂದು 7-6ರ ಬಹುಮತದಿಂದ ತೀರ್ಪಾಯಿತು. ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರು ತಮ್ಮ ತೀರ್ಪಿನಲ್ಲಿ ಕಾನ್ರಾಡರ ಬರಹವನ್ನು ಉದ್ಧರಿಸಿದರು.

ಸ್ವಾಮಿಗಳ ಭೂಮಿಗೆ ಇದರಿಂದ ರಕ್ಷೆ ದೊರೆಯಲಿಲ್ಲ. ಭೂಸುಧಾರಣೆಯ ಶಾಸನವು ಉಳಿಯಿತು. ಆದರೆ ಮಠವೊಂದರ ಹೊಲಗದ್ದೆಗಾಗಿ ಹೂಡಿದ ವ್ಯಾಜ್ಯವು ದೇಶದ ಸಮಸ್ತ ಪ್ರಜೆಗಳಿಗೆ ಬೇಲಿಯಾಯಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ 42ನೆಯ ತಿದ್ದುಪಡಿಯು ಸಂಸತ್ತಿನ ಈ ಅಧಿಕಾರಕ್ಕೆ ಮಿತಿಯೇ ಇಲ್ಲವೆಂದು ಸಾರಿತು. 1980ರಲ್ಲಿ ಬೆಂಗಳೂರಿನ ಮಿನರ್ವಾ ಮಿಲ್ಲಿನ ಮೊಕದ್ದಮೆಯಲ್ಲಿ ಆ ಸಾರುವಿಕೆಯು ಅಸಿಂಧುವಾದುದು ಇದೇ ತತ್ವದ ಬಲದಿಂದ.

ಕಾನ್ರಾಡರಲ್ಲಿ ಸೇನೆಯಿರಲಿಲ್ಲ, ಈ ದೇಶದಲ್ಲಿ ಅವರಿಗೆ ಪದವಿಯೂ ಇರಲಿಲ್ಲ. ಅವರಲ್ಲಿದ್ದುದು ತಮ್ಮ ನಾಡಿನ ನೋವಿನಿಂದ ಪಡೆದ ವಿವೇಕವೊಂದೇ. ಅದನ್ನು ಅವರು ಬಚ್ಚಿಡದೆ ಪರನಾಡಿನ ವಿದ್ಯಾಶಾಲೆಯಲ್ಲಿ ಬಿತ್ತಿ ಹೋದರು. 2020ರಲ್ಲಿ ಎಡನೀರಿನ ಸ್ವಾಮಿಗಳು ಕಾಲವಶರಾದರು. ಅವರ ಹೆಸರಿನ ತೀರ್ಪು ಉಳಿದಿದೆ. ವಿದ್ಯಾದಾನವನ್ನು ವ್ರತವಾಗಿ ಹಿಡಿದವರು ಫಲ ಕಾಣದೆಂದು ಮರುಗಬೇಕಾದುದಿಲ್ಲ.